ಗಾಳಿಕುನ್ನಿ: ರೆಕ್ಕೆಯ ನಾಯಿತಳಿ ಕಟ್ಟಿ, ಬಿಡಿಸಿ, ದತ್ತು ಕೊಡುವ ಬಗೆ

ನಾಯಿಯ ಚಿತ್ರ ಬರೆದು ಬೆನ್ನಿಗೆ ಎರಡು ರೆಕ್ಕೆ ಅಂಟಿಸಿದರೆ ಹೊಸ ತಳಿ ಆಗುವುದಿಲ್ಲ. ಕಲ್ಪನೆಯ ಪ್ರಾಣಿಗಳನ್ನು ಬಿಡಿಸಿ ದತ್ತು ಕೊಡುವ, ಅಂದರೆ ಆ ಚಿತ್ರವನ್ನೂ ಅದರ ಹಕ್ಕನ್ನೂ ಬೆಲೆಗೆ ಒಪ್ಪಿಸುವ ಹವ್ಯಾಸಕ್ಕೆ ಇಳಿದವರು ಹೆಚ್ಚಾಗಿ ಮುಗ್ಗರಿಸುವುದು ಇಲ್ಲೇ. ಹತ್ತು ಬಣ್ಣದಲ್ಲಿ ಹತ್ತು ಚಿತ್ರ ಆಗುತ್ತವೆ. ಹನ್ನೊಂದನೆಯದನ್ನು ಬೇರೊಬ್ಬರು ಬಿಡಿಸಿ ತಂದಾಗ ಅದು ಅದೇ ಜಾತಿಯದೋ ಅಲ್ಲವೋ ಎಂದು ಹೇಳಲು ಯಾರಿಗೂ ಬರುವುದಿಲ್ಲ. ತಳಿ ನಿಲ್ಲುವುದು ಮೊದಲು ಹೆಗಲಿನ ಮೇಲೆ, ಆಮೇಲೆ ದಾಖಲೆಯ ಮೇಲೆ. ಬಣ್ಣ, ಹೊಳಪು, ಕೊಂಬು, ಆಭರಣ ಎಲ್ಲ ಆಮೇಲಿನ ಮಾತು.

ಉದಾಹರಣೆಗೆ ಇಲ್ಲಿ ಒಂದು ತಳಿಯನ್ನು ಬುಡದಿಂದ ಕಟ್ಟಿದ್ದೇವೆ. ಹೆಸರು ಗಾಳಿಕುನ್ನಿ. ನಮ್ಮ ಕಡೆ ಕುನ್ನಿ ಅಂದರೆ ನಾಯಿಮರಿ ಎಂದು ಬಿಡಿಸಿ ಹೇಳಬೇಕಿಲ್ಲ. ಇದರ ನೆಲೆ ಗದಗ ಜಿಲ್ಲೆಯ ಕಪ್ಪತಗುಡ್ಡದ ಏಣು. ಗುಡ್ಡಕ್ಕೆ ಬಡಿದು ಮೇಲೇಳುವ ಗಾಳಿಯ ಮೇಲೆ ಮೈಚೆಲ್ಲಿ ತೇಲುವ ಪ್ರಾಣಿ. ಕುನ್ನಿಯ ಅಳತೆಗಳು ಕಲ್ಪನೆಯವು. ಅದಕ್ಕೆ ಆಧಾರವಾದ ನಾಯಿ, ಹಕ್ಕಿ, ಬಾವಲಿಗಳ ಅಳತೆಗಳು ನಿಜದವು. ನಿಮ್ಮ ತಳಿಗೆ ನಿಮ್ಮದೇ ಹೆಸರು, ನಿಮ್ಮದೇ ಊರು ಇರಲಿ, ಕೆಲಸದ ಕ್ರಮ ಮಾತ್ರ ಇದೇ.

ಮೈತೂಕದಿಂದ ಶುರು ಮಾಡಿ

ಪೆನ್ಸಿಲ್ ಹಿಡಿಯುವ ಮೊದಲು ಪ್ರಾಣಿ ಎಷ್ಟು ಕೆಜಿ ಎಂದು ಬರೆದಿಡಿ. ರೆಕ್ಕೆಯ ಉದ್ದ ನಿಂತಿರುವುದು ಅದರ ಮೇಲೆ.

ದೇಹದ ಮಾದರಿಗೆ ನಮ್ಮ ಪಕ್ಕದ ಮುಧೋಳ ನಾಯಿಗಿಂತ ಒಳ್ಳೆಯದು ಸಿಗದು. ಆಳವಾದ ಎದೆ, ಒಳಗೆ ಸೇದಿದ ಹೊಟ್ಟೆ, ಉದ್ದ ಕಾಲು. ಹಾರುವ ಪ್ರಾಣಿಗೆ ಎದೆಯಲ್ಲಿ ಮಾಂಸಖಂಡಕ್ಕೆ ಜಾಗ ಬೇಕು, ಸೊಂಟ ಹಗುರ ಇರಬೇಕು, ಎರಡೂ ಇದರಲ್ಲಿವೆ. ಆದರೆ ದೊಡ್ಡ ಮುಧೋಳ ನಾಯಿ 20 ಕೆಜಿ ದಾಟುತ್ತದೆ. ಹಾರುವ ಹಕ್ಕಿಗಳಲ್ಲಿ ಅತಿ ಭಾರದವುಗಳ ಸಾಲಿಗೆ ಸೇರುವ ಎರೆಭೂತದ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಗಂಡೇ 15 ಕೆಜಿಯ ಆಸುಪಾಸಿಗೆ ನಿಲ್ಲುತ್ತದೆ. ಅದಕ್ಕೂ ಹೆಚ್ಚು ತೂಕದ ನಾಯಿಗೆ ಒಪ್ಪುವ ರೆಕ್ಕೆ ಬಿಡಿಸಿದರೆ ಮಡಚಿದಾಗ ಅದನ್ನು ಇಡಲು ಹಾಳೆಯಲ್ಲೇ ಜಾಗ ಇರುವುದಿಲ್ಲ.

ಹಾಗಾಗಿ ರೂಪ ಮುಧೋಳದ್ದು ಇರಲಿ, ತೂಕ ರಣಹದ್ದಿನದು ಇರಲಿ. ಭಾರತೀಯ ರಣಹದ್ದು ಸುಮಾರು 6 ಕೆಜಿ ತೂಗುತ್ತದೆ, ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ 2 ಮೀಟರಿನಿಂದ 2.4 ಮೀಟರ್. ಗಾಳಿಕುನ್ನಿಗೆ ನಾವು ಇಟ್ಟ ಲೆಕ್ಕ: ತೂಕ 6 ಕೆಜಿ, ಹೆಗಲಿನ ಎತ್ತರ 34 ಸೆಂ.ಮೀ., ಎದೆಯಿಂದ ಪೃಷ್ಠದವರೆಗೆ 40 ಸೆಂ.ಮೀ., ರೆಕ್ಕೆಯ ಹರವು 2.2 ಮೀಟರ್. ನಡುವಿನ ಮೈಯಗಲ ಕಳೆದರೆ ಒಂದೊಂದು ರೆಕ್ಕೆ 1 ಮೀಟರಿನಷ್ಟು, ಅಂದರೆ ಮೈಯುದ್ದದ ಎರಡೂವರೆ ಪಟ್ಟು. ಹೊಸಬರು ಬಿಡಿಸುವ ರೆಕ್ಕೆ ಬಹುಮಟ್ಟಿಗೆ ಮೈಯುದ್ದಕ್ಕೆ ಸಮ ಇರುತ್ತದೆ. ಚಿತ್ರದಲ್ಲಿ ಏನೋ ಆಟಿಕೆಯಂತೆ ಕಾಣುತ್ತದೆ ಎಂದು ಬಣ್ಣ ತಿದ್ದುತ್ತ ಕೂರುತ್ತಾರೆ, ತಪ್ಪು ಇರುವುದು ಅಳತೆಯಲ್ಲಿ.

ನಿಮ್ಮ ಪ್ರಾಣಿ ಮಂತ್ರಬಲದಿಂದ ಹಾರುವುದಾದರೆ ಚಿಕ್ಕ ರೆಕ್ಕೆಯೂ ನಡೆಯುತ್ತದೆ. ಆಗಲೂ ಮೈಗೂ ರೆಕ್ಕೆಗೂ ಇರುವ ಪ್ರಮಾಣ ಎಲ್ಲ ಚಿತ್ರಗಳಲ್ಲಿ ಒಂದೇ ಇರಬೇಕು.

ಹೆಗಲು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಭಾಗ ಇದು. ಬೆನ್ನೆಲುಬುಳ್ಳ ಯಾವ ನೆಲಪ್ರಾಣಿಗೂ ನಾಲ್ಕಕ್ಕಿಂತ ಹೆಚ್ಚು ಅವಯವ ಇಲ್ಲ. ಹಕ್ಕಿಯ ರೆಕ್ಕೆ ಅದರ ಮುಂಗಾಲೇ, ಬಾವಲಿಯದು ಅದರ ಕೈಯೇ. ನಾಯಿಗೆ ನಾಲ್ಕು ಕಾಲು ಉಳಿಸಿ ಮೇಲೆ ಎರಡು ರೆಕ್ಕೆ ಕೊಡುತ್ತೀರಿ ಎಂದರೆ ಆರು ಅವಯವ. ಆ ಹೆಚ್ಚಿನ ಜೋಡಿಗೆ ಎಲುಬು ಎಲ್ಲಿ, ಮಾಂಸಖಂಡ ಎಲ್ಲಿ ಎಂದು ನೀವೇ ತೀರ್ಮಾನಿಸಬೇಕು.

ನಾಯಿಯ ಹೆಗಲೆಲುಬು ಮೈಗೆ ಎಲುಬಿನ ಕೀಲಿನಿಂದ ಕೂಡಿಕೊಂಡಿಲ್ಲ. ನಮಗೆ ಎದೆಯ ಮೇಲೆ ಹೆಗಲಿನವರೆಗೆ ಅಡ್ಡ ಇರುವಂಥ ಕೊರಳೆಲುಬು (ಕಾಲರ್‌ಬೋನ್) ಅದಕ್ಕೆ ಇಲ್ಲವೆನ್ನುವಷ್ಟು ಸಣ್ಣದು. ಇಡೀ ಮುಂಗಾಲು ಮಾಂಸಖಂಡದ ಜೋಳಿಗೆಯಲ್ಲಿ ತೂಗುತ್ತದೆ. ಓಡುವಾಗ ಹೆಗಲೆಲುಬು ಪಕ್ಕೆಲುಬಿನ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುವುದು ಅದಕ್ಕೇ. ತೆಳ್ಳನೆಯ ನಾಯಿ ನಡೆಯುವಾಗ ಮೇಲಿನಿಂದ ನೋಡಿ, ಬೆನ್ನಿನ ಎರಡೂ ಬದಿ ಆ ಎಲುಬಿನ ಅಂಚು ಚರ್ಮದಡಿ ಏರಿಳಿಯುವುದು ಕಾಣುತ್ತದೆ. ರೆಕ್ಕೆಯ ಬುಡವನ್ನು ಅದರ ಮೇಲೆಯೇ ಕೂರಿಸಿದರೆ ಪ್ರತಿ ಹೆಜ್ಜೆಗೂ ರೆಕ್ಕೆ ಅಲುಗಾಡಬೇಕಾಗುತ್ತದೆ. ನಡುಬೆನ್ನಿಗೆ ಕೂರಿಸಿದರೆ ತೂಕದ ಮಧ್ಯಬಿಂದು ಮುಂದೆ ಉಳಿದು ಹಾರುವಾಗ ಮೂಗು ನೆಲ ನೋಡುತ್ತದೆ.

ಗಾಳಿಕುನ್ನಿಯಲ್ಲಿ ರೆಕ್ಕೆಗೆ ಎರಡನೆಯ ಹೆಗಲೆಲುಬು ಕೊಟ್ಟಿದ್ದೇವೆ. ನಾಯಿಗೆ 13 ಜೊತೆ ಪಕ್ಕೆಲುಬು. ಮೊದಲ ಐದರ ಸುತ್ತ ಅದರ ಸ್ವಂತ ಹೆಗಲು ಇರುತ್ತದೆ. ರೆಕ್ಕೆಯ ಹೆಗಲು ಆರರಿಂದ ಎಂಟನೆಯ ಪಕ್ಕೆಲುಬಿನ ಮೇಲೆ, ಬೆನ್ನುಮೂಳೆಯಿಂದ ಎರಡು ಬೆರಳು ಕೆಳಗೆ. ರೆಕ್ಕೆ ಬೆನ್ನಿನ ಗೆರೆಯಿಂದ ಹುಟ್ಟುವುದಿಲ್ಲ, ಪಕ್ಕದಿಂದ ಹುಟ್ಟುತ್ತದೆ. ಇದೊಂದನ್ನು ಸರಿಪಡಿಸಿದರೆ ಅರ್ಧ ಚಿತ್ರ ಸರಿಹೋದಂತೆ.

ಇನ್ನು ಎದೆ. ರೆಕ್ಕೆಯನ್ನು ಕೆಳಕ್ಕೆ ಬಡಿಯುವ ಖಂಡ ಹಕ್ಕಿಗಳಲ್ಲಿ ಎದೆಯೆಲುಬಿನ ನಡುವೆ ಎದ್ದ ಏಣಿಗೆ ಅಂಟಿಕೊಂಡಿರುತ್ತದೆ. ಮುಂಗಾಲುಗಳ ನಡುವೆ, ದೋಣಿಯ ಅಡಿಯಂತೆ ಆ ಏಣನ್ನು ನಿಮ್ಮ ನಾಯಿಗೂ ತೋರಿಸಿ. ಪಕ್ಕದಿಂದ ನೋಡಿದಾಗ ಎದೆಯ ಕೆಳಗೆರೆ ಮೊಣಕೈಗಿಂತ ಒಂದು ಬೆರಳು ಕೆಳಗೆ ಬರಲಿ.

ಮಡಚಿದ ರೆಕ್ಕೆಯಲ್ಲಿ ತಪ್ಪುಗಳು ಇನ್ನೂ ಹೆಚ್ಚು. ರೆಕ್ಕೆಯಲ್ಲೂ ತೋಳು, ಮೊಣಕೈ, ಮಣಿಕಟ್ಟು ಇವೆ. ಮಡಚಿದಾಗ ಮೊಣಕೈ ಹಿಂದಕ್ಕೆ, ಮಣಿಕಟ್ಟು ಮುಂದಕ್ಕೆ, ಬೆರಳ ಭಾಗ ಮತ್ತೆ ಹಿಂದಕ್ಕೆ ಬರುತ್ತದೆ. ಬಡಗಿಯ ಮಡಚುವ ಅಳತೆಗೋಲಿನ ಹಾಗೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ದುರ್ಬೀನು ಹಿಡಿದು ದಡದಲ್ಲಿ ನಿಂತ ಒಂದು ಬಾತನ್ನು ನೋಡಿ. ಮಣಿಕಟ್ಟು ಎದೆಯ ಪಕ್ಕದ ಗರಿಗಳೊಳಗೆ ಹುದುಗಿರುತ್ತದೆ, ಮುಂಗೈಯ ಗರಿಗಳು ಮೇಲೆ ಹೊದಿಕೆಯಾಗುತ್ತವೆ, ಉದ್ದನೆಯ ತುದಿಗರಿಗಳು ಅದರಡಿ ಸರಿದು ಬಾಲದ ಹತ್ತಿರ ತುದಿ ಮಾತ್ರ ತೋರಿಸುತ್ತವೆ. ಗರಿಗಳೆಲ್ಲ ಬೀಸಣಿಗೆಯಂತೆ ಹೊರಗೆ ಚಾಚಿದ್ದರೆ ಆ ರೆಕ್ಕೆ ಮಡಚಿಯೇ ಇಲ್ಲ ಎಂದರ್ಥ. ಮೊಣಕಾಲಿನವರೆಗೂ ನೀರಿಗಿಳಿಯದೆ ದೂರದಿಂದಲೇ ನೋಡಿ. ಬಾತುಗಳನ್ನು ಎಬ್ಬಿಸಿ ಹಾರಿಸುವುದು ಬೇಡ.

ಗರಿಯೋ ತೊಗಲೋ ಎಂಬುದನ್ನೂ ಈಗಲೇ ತೀರ್ಮಾನಿಸಿ. ಗರಿಯಾದರೆ ತುದಿಯ ದೊಡ್ಡ ಗರಿಗಳು ಮಣಿಕಟ್ಟಿನಿಂದಾಚೆಯ ಎಲುಬಿಗೆ, ಉಳಿದವು ಮುಂಗೈ ಎಲುಬಿಗೆ. ತುದಿಯವು ಹೆಚ್ಚಿನ ಹಕ್ಕಿಗಳಲ್ಲಿ 10. ಗಾಳಿಕುನ್ನಿಗೂ ಹತ್ತೇ, ಮುಂಗೈಗೆ 12. ತೊಗಲಿನದಾದರೆ ಹಣ್ಣುಬಾವಲಿಯನ್ನು ನೋಡಿ ಕಲಿಯಿರಿ. ಅದರ ಮುಖವೂ ನಾಯಿಮರಿಯದೇ, ಈ ಕಲ್ಪನೆಯ ಅರ್ಧದಷ್ಟನ್ನು ಪ್ರಕೃತಿ ಆಗಲೇ ಮಾಡಿಟ್ಟಿದೆ. ತೊಗಲನ್ನು ಹಿಗ್ಗಿಸುವುದು ನಾಲ್ಕು ಉದ್ದ ಬೆರಳು, ಹೆಬ್ಬೆರಳು ಹೊರಗೆ ಕೊಕ್ಕೆಯಾಗಿ ಉಳಿಯುತ್ತದೆ. ಕೊಡೆಯ ಕಡ್ಡಿಯಂತೆ ಏಳೆಂಟು ಬೆರಳು ಬಿಡಿಸಬೇಡಿ.

ಎಲ್ಲಕ್ಕೂ ಇರಬೇಕಾದ ಗುಣ, ಕೆಲವಕ್ಕೆ ಇರುವ ಗುಣ

ಒಂದು ಹಾಳೆಯಲ್ಲಿ ತಳಿಯ ಕಡ್ಡಾಯ ಗುಣಗಳನ್ನು ಬರೆಯಿರಿ. ಐದು ಸಾಕು. ಗಾಳಿಕುನ್ನಿಯವು ಇವು: ಆಳದ ಎದೆ, ಪಕ್ಕೆಯಿಂದ ಹುಟ್ಟುವ ರೆಕ್ಕೆ, ಗರಿಯ ರೆಕ್ಕೆಯಾದರೆ ಹತ್ತು ತುದಿಗರಿ, ಬಾಲದ ತುದಿಗೆ ಬೀಸಣಿಗೆಯಂಥ ಆರು ಗರಿ, ಹಿಂದಲೆಯ ಮೇಲೆ ಎರಡು ಅಡ್ಡ ಕರಿಪಟ್ಟಿ. ಕೊನೆಯದು ಮಾಗಡಿಯ ಹೆಬ್ಬಾತಿನಿಂದ ತಂದದ್ದು. ಬರೀ ನೆರಳುಚಿತ್ರ ಮಾಡಿದರೂ ಇವುಗಳಲ್ಲಿ ಮೂರಾದರೂ ಗುರುತು ಸಿಗಬೇಕು. ಸಿಗದಿದ್ದರೆ ಗುಣಗಳನ್ನು ಬದಲಿಸಿ.

ಬದಲಾಗಬಹುದಾದ ಗುಣಗಳಿಗೆ ಮೂರು ಹಂತ ಇಡಿ: ಸಾಮಾನ್ಯ, ಅಪರೂಪ, ಅತಿ ಅಪರೂಪ. ಜೋತ ಕಿವಿ, ನೆಟ್ಟ ಕಿವಿ, ಗಿಡ್ಡ ಕೂದಲು ಸಾಮಾನ್ಯ. ಕಾಲಿಗೆ ಗರಿಯ ಗೊಂಚಲು, ಎರಡು ಬಣ್ಣದ ಕಣ್ಣು ಅಪರೂಪ. ತೊಗಲಿನ ರೆಕ್ಕೆ, ಬಂಕಾಪುರದ ಕೋಟೆಯ ನವಿಲುಗಳಂಥ ಕಣ್ಣುಗರಿಯ ಬಾಲ ಅತಿ ಅಪರೂಪ. ಆರೇಳು ಹಂತ ಇಡುವವರು ಇದ್ದಾರೆ. ನಮ್ಮ ಮಟ್ಟಿಗೆ ಅದು ತಳಿಗೆ ಕೇಡು. ಎಲ್ಲರಿಗೂ ಮೇಲಿನ ಹಂತದ್ದೇ ಬೇಕಾಗುತ್ತದೆ, ಸಾಮಾನ್ಯ ಕುನ್ನಿಯನ್ನು ಕೇಳುವವರೇ ಇಲ್ಲವಾಗುತ್ತಾರೆ, ಆಮೇಲೆ ತಳಿಯ ನಿಜವಾದ ಮುಖ ಯಾವುದೆಂದೇ ಮರೆತುಹೋಗುತ್ತದೆ. ಮೊದಲ ತಂಡಕ್ಕೆ ಐದು ಕುನ್ನಿ ಬಿಡಿಸಿ: ನಾಲ್ಕು ಸಾಮಾನ್ಯ, ಒಂದು ಅಪರೂಪ. ಅತಿ ಅಪರೂಪದ್ದು ಮೊದಲ ತಂಡದಲ್ಲಿ ಬೇಡವೇ ಬೇಡ.

ಬಣ್ಣ ಎಲ್ಲಿಂದ ತರಬೇಕು

ಪರದೆಯ ಬಣ್ಣದ ಚಕ್ರದಿಂದ ಬೆರಳಿಗೆ ಸಿಕ್ಕಿದ್ದನ್ನು ಆರಿಸಿದರೆ ಎಲ್ಲರ ಪ್ರಾಣಿಯೂ ಒಂದೇ ಥರ ಕಾಣುತ್ತದೆ. ಕಣ್ಣೆದುರಿನ ವಸ್ತುವಿನಿಂದ ತನ್ನಿ.

ಒಂದು ಬ್ಯಾಡಗಿ ಮೆಣಸಿನಕಾಯಿಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ದೂರದಿಂದ ಕೆಂಪು, ಹತ್ತಿರದಿಂದ ಒಂದು ಬಣ್ಣವಲ್ಲ. ನಿರಿಗೆಯ ಏಣಿನ ಮೇಲೆ ಬೆಳಕು ಎಳೆಯಾಗಿ ಹೊಳೆಯುತ್ತದೆ, ಸುಕ್ಕಿನ ತಗ್ಗಿನಲ್ಲಿ ಕೆಂಪು ಕಪ್ಪಿಗೆ ತಿರುಗುತ್ತದೆ, ತೊಟ್ಟು ಒಣಹುಲ್ಲಿನ ಬಣ್ಣ. ಆರ್‌ಜಿಬಿ (ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎಂಬ ಮೂರು ಅಂಕೆ) ಲೆಕ್ಕದಲ್ಲಿ ನಾವು ಹಿಡಿದದ್ದು: ತಗ್ಗಿಗೆ 58, 12, 16, ಮೈಗೆ 122, 24, 28, ಏಣಿಗೆ 196, 72, 60, ತೊಟ್ಟಿಗೆ 176, 148, 96. ಈ ನಾಲ್ಕರಲ್ಲೇ ಒಂದು ಇಡೀ ಕುನ್ನಿ ಮುಗಿಯುತ್ತದೆ: ಕಡುಗೆಂಪು ಮೈ, ಗರಿಗಳ ಸಂದಿಯಲ್ಲಿ ಕಪ್ಪುಗೆಂಪು, ಬೆನ್ನಿನ ಮೇಲೆ ತಿಳಿಗೆಂಪು, ಪಾದ ಮತ್ತು ಮೂತಿಗೆ ತೊಟ್ಟಿನ ಬಣ್ಣ. ಐದನೆಯ ಬಣ್ಣ ಕಣ್ಣಿಗೆ ಮಾತ್ರ.

ಕರಿ ಕುನ್ನಿಗೆ ಎರೆಮಣ್ಣು ನೋಡಿ. ಅದು ಪೂರ್ತಿ ಕಪ್ಪಲ್ಲ. 40, 36, 38ರ ಸುತ್ತ. ಸೊನ್ನೆ, ಸೊನ್ನೆ, ಸೊನ್ನೆ ಹಾಕಿಬಿಟ್ಟರೆ ನೆರಳು ಹಾಕಲು ಕೆಳಗೆ ಜಾಗವೇ ಉಳಿಯುವುದಿಲ್ಲ, ಗೆರೆಗಳೂ ಮೈಯಲ್ಲಿ ಮುಳುಗುತ್ತವೆ. ಮಸಾರಿ ಮಣ್ಣಿನ ಕೆಂಗಂದು ಮರಿಗಳಿಗೆ ಒಪ್ಪುತ್ತದೆ.

ಗುರುತುಗಳಿಗೆ ಧಾರವಾಡದ ಕಸೂತಿ ದೊಡ್ಡ ಭಂಡಾರ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಹೊಲಿಗೆ. ಗವಂತಿ ಮತ್ತು ಮುರ್ಗಿ ಬಟ್ಟೆಯ ಎರಡೂ ಬದಿಗೆ ಒಂದೇ ಥರ ಕಾಣುತ್ತವೆ. ನೇಗಿ, ಮೆಂತೆ ಹಾಗಲ್ಲ. ಇದನ್ನು ರೆಕ್ಕೆಗೆ ನೇರವಾಗಿ ಅನ್ವಯಿಸಬಹುದು. ತೊಗಲಿನ ರೆಕ್ಕೆಯಲ್ಲಿ ಬೆಳಕು ಹಾಯುವುದರಿಂದ ಗುರುತು ಎರಡೂ ಬದಿಗೆ ಒಂದೇ ಇರಬೇಕು, ಅಲ್ಲಿ ಗವಂತಿಯ ಗೆರೆ. ಗರಿಯ ರೆಕ್ಕೆಗೆ ಮೇಲ್ಬದಿ ಬೇರೆ, ಒಳಬದಿ ಬೇರೆ, ಅಲ್ಲಿ ನೇಗಿ. ಮುರ್ಗಿಯ ಮೆಟ್ಟಿಲುಗೆರೆಯನ್ನು ಗರಿಗಳ ತುದಿಗೆ ಇಡಿ, ಒಂದು ಗರಿಗೆ ಒಂದು ಮೆಟ್ಟಿಲು. ಕಸೂತಿಯವರು ದಾರ ಎಣಿಸಿ ಹೊಲಿಯುತ್ತಾರೆ, ನೀವು ಗರಿ ಎಣಿಸಿ. ಗೋಪುರ, ತೇರು, ಆನೆಯ ಚಿತ್ತಾರವನ್ನು ಹಾಗೇ ತಂದು ಹೊಟ್ಟೆಯ ಮೇಲೆ ಅಂಟಿಸುವುದು ಬೇಡ. ಉಬ್ಬಿದ ಮೈಮೇಲೆ ಚಪ್ಪಟೆ ಚಿತ್ತಾರ ಸ್ಟಿಕ್ಕರ್‌ನಂತೆ ಕಾಣುತ್ತದೆ.

ಬಣ್ಣ ಮುಗಿದ ಮೇಲೆ ಚಿತ್ರವನ್ನು ಒಮ್ಮೆ ಕಪ್ಪು-ಬಿಳುಪು ಮಾಡಿ ನೋಡಿ. ಕಡುಗೆಂಪು ಮತ್ತು ಕಡುಹಸಿರು ಕಣ್ಣಿಗೆ ಬೇರೆ ಬೇರೆ, ಬೂದಿಬಣ್ಣದಲ್ಲಿ ಒಂದೇ. ಗುರುತು ಮಾಯವಾದರೆ ಅದನ್ನು ತಿಳಿಮಾಡಿ.

ಕಡತ

ಚಿತ್ರ ಬಿಡಿಸುವ ತಂತ್ರಾಂಶಗಳಲ್ಲಿ ಕ್ರಿತಾ ಉಚಿತ, ಕಂಪ್ಯೂಟರಿನಲ್ಲಿ ಅದು ಸಾಕು. ಫೋನಿನಲ್ಲಿ ಐಬಿಸ್ ಪೇಂಟ್. ಎ4 ಅಡ್ಡಹಾಳೆ, 300 ಡಿಪಿಐ: 3508 × 2480 ಪಿಕ್ಸೆಲ್. ಫೋನಿನಲ್ಲಿ ಹಾಳೆ ದೊಡ್ಡದಾದಷ್ಟು ಲೇಯರ್ (ಒಂದರ ಮೇಲೊಂದು ಕೂರುವ ಚಿತ್ರದ ಪದರ) ಕಡಿಮೆ ಸಿಗುತ್ತವೆ, ಮೊದಲೇ ಎಣಿಸಿಕೊಳ್ಳಿ.

ಹಾಳೆಯಲ್ಲಿ ಮೂರು ನೋಟ: ಪಕ್ಕದಿಂದ ರೆಕ್ಕೆ ಮಡಚಿ ನಿಂತದ್ದು, ಮೇಲಿನಿಂದ ರೆಕ್ಕೆ ಬಿಚ್ಚಿದ್ದು, ಮುಖದ ಹತ್ತಿರದ ನೋಟ. ಕೆಳಗೆ ಬಣ್ಣದ ಚೌಕಗಳು, ಅವುಗಳ ಅಂಕೆಗಳೊಂದಿಗೆ. ಗೆರೆಗೆ 8ರಿಂದ 10 ಪಿಕ್ಸೆಲ್ ಕುಂಚ, ಗರಿಯ ಒಳಗೆರೆಗೆ 4. ಈ ಗೆರೆಚಿತ್ರವೇ ನಿಮ್ಮ ಬೇಸ್. ಇದನ್ನು ಬೀಗ ಹಾಕಿಟ್ಟು ಪ್ರತಿ ಕುನ್ನಿಗೂ ನಕಲು ತೆಗೆದು ಬಳಸಿ.

ಲೇಯರ್ ಕೆಳಗಿನಿಂದ ಮೇಲಕ್ಕೆ: ಆಚೆಬದಿಯ ರೆಕ್ಕೆ, ಮೈ, ಈಚೆಬದಿಯ ರೆಕ್ಕೆ. ಪ್ರತಿಯೊಂದಕ್ಕೂ ಮೂಲಬಣ್ಣ, ಅದರ ಆಚೆ ಹರಿಯದಂತೆ ಕ್ಲಿಪ್ ಮಾಡಿದ ಗುರುತು, ಕೆಳಗಿನ ಬಣ್ಣವನ್ನು ಗಾಢ ಮಾಡುವ ಮಲ್ಟಿಪ್ಲೈನಲ್ಲಿ ನೆರಳು, ಮೇಲೆ ಗೆರೆ. ನೆರಳಿಗೆ ಬೂದುನೇರಳೆ, 35 ಶೇಕಡಾ. ಬಕೆಟ್‌ನಿಂದ ಬಣ್ಣ ಸುರಿದಾಗ ಗೆರೆಯ ಒಳಂಚಿಗೆ ಬಿಳಿ ಎಳೆ ಉಳಿಯುತ್ತದೆ. ಗೆರೆಯ ಅಂಚು ಅರೆಪಾರದರ್ಶಕ ಇರುವುದರಿಂದ ಬಣ್ಣ ಅಲ್ಲಿಗೇ ನಿಂತುಬಿಡುತ್ತದೆ. ಆಯ್ಕೆಯನ್ನು 2 ಪಿಕ್ಸೆಲ್ ಹಿಗ್ಗಿಸಿ ಸುರಿದರೆ ಸರಿ.

ಉಳಿಸುವಾಗ ಮೂಲ ಕಡತ ಲೇಯರ್ ಸಮೇತ ಒಂದು, ಹಿನ್ನೆಲೆಯಿಲ್ಲದ ಪಿಎನ್‌ಜಿ ಒಂದು. ಜೆಪೆಗ್ ಬೇಡ, ಪಾರದರ್ಶಕ ಹಿನ್ನೆಲೆ ಹೋಗುತ್ತದೆ, ಗೆರೆಯ ಸುತ್ತ ಕೊಳೆ ಕೂರುತ್ತದೆ. ಕಾರ್ಡ್ ಅಚ್ಚು ಹಾಕಿಸುವುದಾದರೆ ಮೊದಲು ಒಂದೇ ಪ್ರತಿ ತೆಗೆಸಿ. ಪರದೆಯ ಕೆಂಪು ಅಚ್ಚಿನ ಶಾಯಿಯಲ್ಲಿ ಮಂಕಾಗುವುದು ಸಹಜ. ಬ್ಯಾಡಗಿ ಕುನ್ನಿಯಲ್ಲಿ ತಗ್ಗಿನ ಬಣ್ಣವೂ ಮೈಬಣ್ಣವೂ ಒಂದಾಗಿಬಿಡಬಹುದು, ಆಗ ಮೈಬಣ್ಣವನ್ನು ಸ್ವಲ್ಪ ಏರಿಸಿ.

ದತ್ತು ಕೊಡುವುದು

ಪ್ರಕಟಣೆಯ ಮೊದಲ ಸಾಲು: ‘ಇದು ಕಲ್ಪನೆಯ ಪ್ರಾಣಿಯ ಚಿತ್ರ, ಜೀವಂತ ನಾಯಿಯಲ್ಲ.’ ದತ್ತು ಎಂಬ ಮಾತು ನೋಡಿ ಬೀದಿನಾಯಿಮರಿ ಬೇಕೆಂದು ಕೇಳಿ ಬರುವವರಿಗೆ ನಿರಾಸೆ ಆಗಬಾರದು. ಆಮೇಲೆ ಕುನ್ನಿಯ ಸಂಖ್ಯೆ, ಗುಣಗಳು, ಬೆಲೆ, ಏನೇನು ಕೊಡುತ್ತೀರಿ ಎಂಬ ಪಟ್ಟಿ. ತೋರಿಸುವ ಚಿತ್ರ 1000 ಪಿಕ್ಸೆಲ್ ಮೀರದಿರಲಿ, ನಿಮ್ಮ ಹೆಸರಿನ ವಾಟರ್‌ಮಾರ್ಕ್ ಮೂಲೆಯಲ್ಲಲ್ಲ, ಮೈಯ ಮೇಲೆಯೇ ಹಾಯಲಿ. ಮೂಲೆಯದನ್ನು ಕತ್ತರಿಸಿ ತೆಗೆಯಲು ಒಂದು ಕ್ಷಣ ಸಾಕು.

ಬೆಲೆಗೆ ಗಂಟೆಯ ಲೆಕ್ಕ ಹಿಡಿಯಿರಿ. ಬೇಸ್ ಕೆಲಸದ ಗಂಟೆಗಳನ್ನು ಅದರ ಮೇಲೆ ಮಾಡುವ ಕುನ್ನಿಗಳಿಗೆ ಹಂಚಿ, ಒಂದೊಂದರ ಬಣ್ಣದ ಗಂಟೆ ಕೂಡಿಸಿ. ಬೇಸ್‌ಗೆ 10 ಗಂಟೆ ಹಿಡಿದು ಐದು ಕುನ್ನಿ ಮಾಡಿದರೆ ತಲಾ 2, ಬಣ್ಣಕ್ಕೆ 3, ಒಟ್ಟು 5 ಗಂಟೆ. ಅಪರೂಪದ ಗುಣಕ್ಕೆಂದು ಬೆಲೆಯನ್ನು ಹತ್ತು ಪಟ್ಟು ಮಾಡುವುದು ನಮಗೆ ಸರಿಕಾಣದು. ಹೆಚ್ಚು ಕೆಲಸ ಹಿಡಿದಷ್ಟೇ ಹೆಚ್ಚು ಬೆಲೆ.

ಒಬ್ಬರು ಬೇಕೆಂದರೆ 24 ಗಂಟೆ ಕಾದಿರಿಸಿ. ಯುಪಿಐ ಹಣ ಬಂತೆಂದು ಅವರು ಕಳಿಸುವ ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಖಾತೆಯಲ್ಲಿ ಜಮೆ ನೋಡಿಕೊಂಡೇ ಕಡತ ಕೊಡಿ. ಕೇಳುವವರು 18 ತುಂಬದವರಾದರೆ ಅವರ ತಂದೆ-ತಾಯಿಯೊಂದಿಗೇ ಮಾತು ಮುಗಿಸಿ. ಅಪ್ರಾಪ್ತರ ಜೊತೆಗಿನ ಕರಾರು ಕಾನೂನಿನಲ್ಲಿ ನಿಲ್ಲುವುದಿಲ್ಲ.

ಹಕ್ಕಿನ ಮಾತು ಬರವಣಿಗೆಯಲ್ಲೇ ಆಗಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ಹಕ್ಕಿನ ವರ್ಗಾವಣೆಗೆ ಸಹಿ ಮಾಡಿದ ಬರಹ ಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೂ ಎಣಿಸಲಾಗುತ್ತದೆ. ಜೀವನಪೂರ್ತಿ ಕೊಟ್ಟೆ ಎಂದು ನೀವು ಅಂದುಕೊಂಡದ್ದು, ಪಡೆದೆ ಎಂದು ಅವರು ಅಂದುಕೊಂಡದ್ದು ಎರಡೂ ಐದು ವರ್ಷಕ್ಕೆ ಮುಗಿಯಬಹುದು. ಹಾಗಾಗಿ ಒಂದೇ ಪುಟದಲ್ಲಿ ಬರೆಯಿರಿ: ಯಾವ ಕುನ್ನಿ, ಎಷ್ಟು ಅವಧಿಗೆ, ಎಲ್ಲಿ ಬಳಸಬಹುದು, ಅಚ್ಚು ಹಾಕಿ ಮಾರಬಹುದೇ, ಇನ್ನೊಬ್ಬರಿಗೆ ದಾಟಿಸಬಹುದೇ, ದಾಟಿಸಿದರೆ ಕೊಂಡ ಬೆಲೆಗಿಂತ ಹೆಚ್ಚು ಕೇಳಬಹುದೇ.

ಇನ್ನೊಂದು ವಿಷಯ ಎಷ್ಟೋ ಜನರ ಲಕ್ಷ್ಯಕ್ಕೆ ಬರುವುದಿಲ್ಲ. ಕಾಯ್ದೆಯ ರಕ್ಷಣೆ ನಿಮ್ಮ ಚಿತ್ರಕ್ಕೆ, ನಿಮ್ಮ ಬರಹಕ್ಕೆ. ‘ರೆಕ್ಕೆಯ ನಾಯಿ’ ಎಂಬ ಯೋಚನೆಗೆ ಅಲ್ಲ. ನಿಮ್ಮ ತಳಿಯನ್ನು ಬೇರೆಯವರು ಅನುಮತಿಯಿಲ್ಲದೆ ಬಿಡಿಸಬಾರದು ಎಂಬ ನಿಯಮ ಈ ಹವ್ಯಾಸದವರು ಒಬ್ಬರಿಗೊಬ್ಬರು ಕೊಡುವ ಮರ್ಯಾದೆಯ ಮೇಲೆ ನಿಂತಿದೆ. ಯಾರಾದರೂ ಹೋಲುವಂಥದ್ದನ್ನು ಬಿಡಿಸಿದರೆ ಮೊದಲು ನಿಮ್ಮ ಐದು ಕಡ್ಡಾಯ ಗುಣಗಳ ಪಟ್ಟಿ ಹಿಡಿದು ಹೋಲಿಸಿ. ಒಂದೆರಡು ಮಾತ್ರ ಹೊಂದಿದರೆ ಅದು ಬೇರೆ ಪ್ರಾಣಿ, ಬಿಟ್ಟುಬಿಡಿ. ನಾಲ್ಕೈದು ಹೊಂದಿದರೆ ಖಾಸಗಿಯಾಗಿ, ತಾರೀಖು ಸಮೇತ ನಿಮ್ಮ ಮೂಲ ಕಡತ ತೋರಿಸಿ ಮಾತಾಡಿ.

ಕಡತ ಕಳಿಸುವಾಗ ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಬೇಡಿ, ಅದು ಚಿತ್ರವನ್ನು ಹಿಂಡಿ ಸಣ್ಣದು ಮಾಡುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ. ಕಳಿಸುವ ಕಟ್ಟಿನಲ್ಲಿ ನಾಲ್ಕು ಕಡತ ಇರಲಿ: ವಾಟರ್‌ಮಾರ್ಕ್ ಇಲ್ಲದ ಪಿಎನ್‌ಜಿ, ಬಣ್ಣದ ಅಂಕೆಗಳ ಹಾಳೆ, ತಳಿಯ ಕಡ್ಡಾಯ ಗುಣಗಳ ಹಾಳೆ, ಸಹಿ ಮಾಡಿದ ಕರಾರು.

ಆ ಮೇಲೆ ದಾಖಲೆ ಪುಸ್ತಕ. ಸ್ಪ್ರೆಡ್‌ಶೀಟ್ ಆಗಲಿ, ಗೆರೆ ಎಳೆದ ನೋಟ್‌ಬುಕ್ ಆಗಲಿ, ಕಾಲಮ್‌ಗಳು ಇಷ್ಟು: ಸಂಖ್ಯೆ, ಕುನ್ನಿಯ ಹೆಸರು, ಗುಣಗಳು, ಬಿಡಿಸಿದವರು, ದತ್ತು ಪಡೆದವರು ತಾವೇ ಆರಿಸಿದ ಹೆಸರು, ತಾರೀಖು, ಬೆಲೆ. ಸಂಖ್ಯೆಯನ್ನು ಚಿತ್ರದ ಮೇಲೂ ಬರೆಯಿರಿ: ಗಾಕು-001, ಗಾಕು-002 ಹೀಗೆ. ಒಂದು ಕುನ್ನಿ ಕೈ ಬದಲಾದಾಗ ಹಳೆಯ ಹೆಸರನ್ನು ಅಳಿಸಬೇಡಿ. ಕೆಳಗೆ ಹೊಸ ಸಾಲು ಸೇರಿಸಿ, ತಾರೀಖು ಹಾಕಿ. ಒಂದೇ ಕುನ್ನಿಯನ್ನು ಇಬ್ಬರು ನಮ್ಮದೆಂದು ಹೇಳಿಕೊಂಡು ಬಂದ ದಿನ ತೆರೆದು ತೋರಿಸಲು ಇರುವುದು ಆ ಹಳೆಯ ಸಾಲು ಮಾತ್ರ. ಪುಸ್ತಕದ ಪ್ರತಿಯನ್ನು ತಿಂಗಳಿಗೊಮ್ಮೆ ತೆಗೆದು, ಜೊತೆಗೆ ಕೆಲಸ ಮಾಡುವ ಇನ್ನೊಬ್ಬರ ಬಳಿಯೂ ಇಡಿ.